‘ಗ್ರಾಮಸ್ಥರ ಆರೋಪ’ ಎಂದು ಬರೆದು ಬರೆದು ಸಾಕಾಗಿದೆ

ಹತ್ತು ವರ್ಷದಿಂದ ಸ್ಟ್ರಿಂಗರ್ ಆಗಿ ಕೆಲಸ ಮಾಡುತ್ತಿದ್ದೇನೆ. ಸಂಬಳವಿಲ್ಲ, ಪ್ರಕಟವಾದ ಸುದ್ದಿಗಿಷ್ಟು ಎಂದು ದುಡ್ಡು. ಈ ಹತ್ತು ವರ್ಷದಲ್ಲಿ ಅತಿ ಹೆಚ್ಚು ಸಲ ಬರೆದ ಪದ ಯಾವುದು ಎಂದು ಕೇಳಿದರೆ ಯೋಚನೆ ಮಾಡದೆ ಹೇಳುತ್ತೇನೆ: ‘ಆರೋಪ’.

‘ಕಲುಷಿತ ನೀರು ಪೂರೈಕೆ: ಗ್ರಾಮಸ್ಥರ ಆರೋಪ’. ಮಾರನೇ ದಿನ, ‘ಪರಿಶೀಲಿಸಿ ಕ್ರಮ: ಅಧಿಕಾರಿ ಭರವಸೆ’. ಅಲ್ಲಿಗೆ ಆ ಊರಿನ ಸುದ್ದಿ ಮುಗಿಯಿತು. ಮುಂದಿನ ಬೇಸಿಗೆಗೆ ಊರಿನ ಹೆಸರು ಬದಲಿಸಿ ಅದೇ ಸುದ್ದಿ ಮತ್ತೆ.

ಯಾಕೆ ಆರೋಪ ಎನ್ನುತ್ತೇನೆ? ನನ್ನ ಕೈಯಲ್ಲಿ ಸಂಖ್ಯೆ ಇಲ್ಲ, ಅದಕ್ಕೆ. ‘ನೀರು ಕೆಟ್ಟಿದೆ’ ಎಂದು ಬರೆದು ಕಳಿಸಿದರೆ ಡೆಸ್ಕಿನವರು ಕೇಳುತ್ತಾರೆ, ‘ರಿಪೋರ್ಟ್ ಇದೆಯೇನ್ರಿ?’ ಅವರು ಕೇಳುವುದು ಸರಿಯಾಗಿಯೇ ಇದೆ. ಡಿಪ್ಲೊಮಾ ತರಗತಿಯಲ್ಲಿ ನಮಗೆ ಕಲಿಸಿದ್ದೂ ಅದನ್ನೇ: ಆಧಾರ ಇಲ್ಲದೆ ಬರೆಯಬೇಡಿ. ಆದರೆ ಆಧಾರ ಎಲ್ಲಿ ಸಿಗುತ್ತದೆ ಎಂದು ಯಾರೂ ಕಲಿಸಲಿಲ್ಲ. ರಸ್ತೆ ಗುಂಡಿ ಬಿದ್ದರೆ ಫೋಟೊ ಸಾಕು. ನೀರಿನಲ್ಲಿ ಕರಗಿದ ವಿಷಕ್ಕೆ ಫೋಟೊ ಇಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಎಷ್ಟೋ ಸಲ ರುಚಿಯೂ ಇಲ್ಲ. ಅದನ್ನು ಕಾಣುವ ಕಣ್ಣು ಲ್ಯಾಬಿನಲ್ಲಿ ಮಾತ್ರ ಇದೆ. ಆ ಕಣ್ಣು ಹಳ್ಳಿಯವರಿಗೆ ಎಟಕುವ ಕಡೆ ಇಲ್ಲ.

ಎರಡು ವರ್ಷದ ಹಿಂದಿನ ಮಾತು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಒಂದು ಸಣ್ಣ ಊರು. ಊರಿನ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಮಕ್ಕಳ ಹಲ್ಲಲ್ಲಿ ಕಂದು ಪಟ್ಟೆ, ವಯಸ್ಸಾದವರಿಗೆ ಮೊಣಕಾಲು ಮಡಚಲಾಗದ ನೋವು. ನಮ್ಮ ಕಡೆ ಇದು ಹೊಸದಲ್ಲ, ಎಲ್ಲರಿಗೂ ಗೊತ್ತಿರುವ ಫ್ಲೋರೈಡ್. ಆದರೆ ಆ ಊರಲ್ಲಿ ಕಿಡ್ನಿ ಕಾಯಿಲೆಯವರೂ ಹೆಚ್ಚಾಗುತ್ತಿದ್ದಾರೆ ಎಂದು ಜನ ಹೇಳುತ್ತಿದ್ದರು. ಜಗುಲಿಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ ನನ್ನನ್ನು ನೋಡಿ, ‘ನೀವು ಪೇಪರ್‌ಗೆ ಹಾಕ್ತೀರ, ಮಾರನೇ ದಿನ ಜೀಪ್ ಬರ್ತದೆ, ಹೋಗ್ತದೆ. ನೀರಾಗೆ ಏನೈತೆ ಅಂತ ಮಾತ್ರ ಒಬ್ರೂ ಹೇಳಲ್ಲ ಕಣಪ್ಪಾ’ ಎಂದರು.

ಆ ಮಾತು ನನಗೆ ಚುಚ್ಚಿತು. ನೀರುಗಂಟಿಯನ್ನು ಕೇಳಿ ಟ್ಯಾಂಕಿನ ನಲ್ಲಿಯಿಂದ ಎರಡು ಬಾಟಲಿ ನೀರು ಹಿಡಿದೆ. ಬಸ್ಸು ಹತ್ತಿ ಒಂದು ಸರ್ಕಾರಿ ನೀರು ಪರೀಕ್ಷಾ ಕೇಂದ್ರಕ್ಕೆ ಹೋದೆ. ಅಲ್ಲಿದ್ದ ಹೆಣ್ಣುಮಗಳು ಒಳ್ಳೆಯವರು, ಗುತ್ತಿಗೆ ನೌಕರರು. ‘ಸರ್, ಪಿಡಿಒ ಲೆಟರ್ ತಂದಿದ್ದೀರಾ?’ ಎಂದರು. ಇರಲಿಲ್ಲ. ಆದರೂ ಒಂದು ಬಾಟಲಿ ತೆಗೆದುಕೊಂಡರು. ವರದಿ ಬಂದಿದ್ದು ಇಂಗ್ಲಿಷಿನಲ್ಲಿ, ಒಂದು ಹಾಳೆ. ಪಿಎಚ್, ಗಡಸುತನ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಕಬ್ಬಿಣ, ಹೀಗೆ ಒಂದು ಪಟ್ಟಿ. ‘ಯುರೇನಿಯಂ? ಆರ್ಸೆನಿಕ್? ಸೀಸ?’ ಎಂದು ಕೇಳಿದೆ. ‘ಅದೆಲ್ಲ ಇಲ್ಲಿ ಆಗಲ್ಲ ಸರ್. ಮಷಿನ್ ಇಲ್ಲ. ಇರೋ ಪರೀಕ್ಷೆಗೇ ಈ ತಿಂಗಳು ಕೆಮಿಕಲ್ ಬಂದಿಲ್ಲ.’

ಇನ್ನೊಂದು ಬಾಟಲಿ ಹಿಡಿದು ಬೆಂಗಳೂರಿನ ಒಂದು ಖಾಸಗಿ ಲ್ಯಾಬಿಗೆ ಹೋದೆ. ಒಂದೊಂದು ಲೋಹಕ್ಕೆ ಒಂದೊಂದು ರೇಟು, ಮೇಲೆ ಜಿಎಸ್‌ಟಿ. ಲೆಕ್ಕ ಹಾಕಿದರೆ ನಾನು ಒಂದು ತಿಂಗಳು ಸುದ್ದಿ ಬರೆದು ಗಳಿಸುವ ದುಡ್ಡು ಸಾಲದು. ಜೊತೆಗೆ ಅವರು ಇನ್ನೊಂದು ಮಾತು ಹೇಳಿದರು. ಲೋಹ ಪರೀಕ್ಷೆಗೆ ನೀರು ಹಿಡಿದ ಕೂಡಲೇ ಬಾಟಲಿಗೆ ನೈಟ್ರಿಕ್ ಆಸಿಡ್ ಹನಿ ಹಾಕಬೇಕಂತೆ, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿ ಲೆಕ್ಕ ತಪ್ಪುತ್ತದಂತೆ. ನನ್ನ ಬಾಟಲಿ ಯಾವ ಲೆಕ್ಕಕ್ಕೂ ಬರಲಿಲ್ಲ. ಆ ಊರಿನ ಸುದ್ದಿ ಕೊನೆಗೆ ಹೇಗೆ ಬಂತು ಗೊತ್ತೇ? ‘ಕಲುಷಿತ ನೀರು: ಗ್ರಾಮಸ್ಥರ ಆರೋಪ’.

ಎಲ್ಲ ಜಿಲ್ಲೆಯ ಸರ್ಕಾರಿ ಲ್ಯಾಬ್ ಹೀಗೆಯೇ ಇದೆ ಎಂದು ನಾನು ಹೇಳುತ್ತಿಲ್ಲ. ನಾನು ಹೇಳುವುದು ಒಂದೇ ಮಾತು. ಕುಡಿಯುವ ನೀರಿನಲ್ಲಿ ಏನಿದೆ ಎಂದು ತಿಳಿಯುವುದು ಹಳ್ಳಿಯವನ ಹಕ್ಕು. ಅದನ್ನು ತಿಳಿಸುವ ಲ್ಯಾಬನ್ನು ಅವನ ಜಿಲ್ಲೆಯಲ್ಲೇ ಸರ್ಕಾರದ ದುಡ್ಡಿನಲ್ಲಿ ನಡೆಸಬೇಕು. ಇದು ದಾನವಲ್ಲ, ನೀರು ಕೊಡುವ ಕೆಲಸದ ಅರ್ಧ ಭಾಗ.

ಯುರೇನಿಯಂ ಹೆಸರು ಯಾಕೆ ಎತ್ತಿದೆ ಎಂದರೆ, ಅದು ಗಾಳಿಮಾತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ವಿಜ್ಞಾನಿಗಳು ಕೆಲವು ವರ್ಷದ ಹಿಂದೆ ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ನೋಡಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. 57 ಹಳ್ಳಿಗಳ ನೀರು ಅದನ್ನು ಮೀರಿತ್ತು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಇನ್ನೂ ಸಡಿಲ, 60 ಮೈಕ್ರೋಗ್ರಾಂ. ಅದನ್ನೂ 48 ಹಳ್ಳಿಗಳು ಮೀರಿದ್ದವು. ಇದು ಯಾವುದೋ ಕಾರ್ಖಾನೆ ಸುರಿದ ವಿಷವಲ್ಲ. ನಮ್ಮ ಕಾಲ ಕೆಳಗಿನ ಗ್ರಾನೈಟ್ ಬಂಡೆಯಲ್ಲೇ ಇರುವುದು. ನೀರು ಆಳಕ್ಕೆ ಇಳಿದಷ್ಟೂ, ನಾವು ಬೋರ್ ಕೊರೆದಷ್ಟೂ ಅದು ಮೇಲೆ ಬರುತ್ತಿದೆ. ಕುಡಿಯುವ ನೀರಿನ ಯುರೇನಿಯಂನಿಂದ ಮೊದಲು ಪೆಟ್ಟು ಬೀಳುವುದು ಕಿಡ್ನಿಗೆ. ಆ ಊರಿನ ಕಿಡ್ನಿ ಕಾಯಿಲೆಗೆ ಇದೇ ಕಾರಣ ಎಂದು ನಾನು ಹೇಳಲಾರೆ. ಹೇಳಲಾರೆ ಎನ್ನುವುದೇ ನನ್ನ ತಕರಾರು. ಹೌದು ಎನ್ನಲೂ ಸಂಖ್ಯೆ ಇಲ್ಲ, ಅಲ್ಲ ಎನ್ನಲೂ ಸಂಖ್ಯೆ ಇಲ್ಲ.

ಭಾರತೀಯ ಮಾನಕ ಬ್ಯೂರೊ ಈಗ ಕುಡಿಯುವ ನೀರಿನ ಮಾನದಂಡದಲ್ಲಿ ಯುರೇನಿಯಂಗೂ ಲೀಟರಿಗೆ 0.03 ಮಿಲಿಗ್ರಾಂ ಎಂದು ಮಿತಿ ಹಾಕಿದೆ. ಆರ್ಸೆನಿಕ್‌ಗೆ 0.01, ಸೀಸಕ್ಕೆ 0.01. ಪುಸ್ತಕದಲ್ಲಿ ಮಿತಿ ಬಂತು. ಅಳೆಯುವ ಯಂತ್ರ ಹಳ್ಳಿಗೆ ಹತ್ತಿರ ಬರಲಿಲ್ಲ. ರಸ್ತೆಯಲ್ಲಿ 40ರ ವೇಗಮಿತಿಯ ಬೋರ್ಡ್ ನೆಟ್ಟು ಯಾವ ಗಾಡಿಗೂ ಸ್ಪೀಡೋಮೀಟರ್ ಕೊಡದ ಹಾಗಾಯಿತು ಇದು.

‘ಕಿಟ್ ಇದೆಯಲ್ಲ’ ಎನ್ನುತ್ತಾರೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು ಎಂದಿತು, ಕಿಟ್ ಕೊಟ್ಟಿತು. ನಾನು ಅದನ್ನು ಹಂಗಿಸುವುದಿಲ್ಲ. ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು ಬಣ್ಣ ಹೊಂದಿಸಿ ಫ್ಲೋರೈಡ್, ನೈಟ್ರೇಟ್ ನೋಡುವುದನ್ನು ನಾನೇ ಕಂಡಿದ್ದೇನೆ. ನೀರು ಹಾಕಿಟ್ಟ ಸಣ್ಣ ಸೀಸೆ ಕಪ್ಪಾದರೆ ನೀರಿಗೆ ಮಲದ ಬ್ಯಾಕ್ಟೀರಿಯಾ ಸೇರಿರಬಹುದು ಎಂದು ಅರ್ಥ ಮಾಡಿಕೊಂಡು ಊರಿಗೆ ಎಚ್ಚರಿಕೆ ಹೇಳಿದವರಿದ್ದಾರೆ. ಒಳ್ಳೆಯ ಕೆಲಸ. ಆದರೆ ಆ ಕಿಟ್ ಯುರೇನಿಯಂ ನೋಡುವುದಿಲ್ಲ, ಟೊಮೆಟೊ ತೋಟಕ್ಕೆ ಹೊಡೆದ ಕೀಟನಾಶಕ ನೋಡುವುದಿಲ್ಲ, ಸೀಸ ನೋಡುವುದಿಲ್ಲ. ಕಿಟ್ ಮೊದಲ ಬಾಗಿಲು. ಅದರ ಹಿಂದೆ ಲ್ಯಾಬ್ ಎನ್ನುವ ಮನೆ ಇಲ್ಲದಿದ್ದರೆ ಬಾಗಿಲು ಇಟ್ಟುಕೊಂಡು ಏನು ಮಾಡುವುದು?

ಕಿಟ್‌ಗಿಂತ ಅಪಾಯದ್ದು ಟಿಡಿಎಸ್ ಮೀಟರ್. ಪೆನ್ನಿನಂತಹ ಸಾಧನವೊಂದನ್ನು ಲೋಟಕ್ಕೆ ಅದ್ದಿ ‘ನೋಡಿ ಅಮ್ಮ, ಬರೀ 80, ಅಮೃತ’ ಎನ್ನುವ ಫಿಲ್ಟರ್ ಮಾರುವವರನ್ನು ನೀವೂ ಕಂಡಿರುತ್ತೀರಿ. ಟಿಡಿಎಸ್ ಎಂದರೆ ನೀರಲ್ಲಿ ಕರಗಿದ ಒಟ್ಟು ಲವಣದ ಅಂದಾಜು, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ಆರ್ಸೆನಿಕ್‌ನ ಮಿತಿ ಆ ಮಿಲಿಗ್ರಾಮಿನಲ್ಲಿ ನೂರನೇ ಒಂದು ಭಾಗ. ಅದು ಮಿತಿಯ ಹತ್ತು ಪಟ್ಟು ಇದ್ದರೂ ಆ ಮೀಟರ್ ಅಲುಗುವುದಿಲ್ಲ. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುಬೊಟ್ಟು ತೂಗಿದ ಹಾಗೆ.

ಇನ್ನು ಶುದ್ಧ ನೀರಿನ ಘಟಕ. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಆರ್‌ಒ ಸರಿಯಾಗಿ ಕೆಲಸ ಮಾಡಿದರೆ ಫ್ಲೋರೈಡ್, ಯುರೇನಿಯಂ ಎರಡೂ ಬಹುಪಾಲು ಹೋಗುತ್ತವೆ, ನಿಜ. ‘ಸರಿಯಾಗಿ ಕೆಲಸ ಮಾಡಿದರೆ’ ಎನ್ನುವುದನ್ನು ಯಾರು ನೋಡಬೇಕು? ಮೆಂಬ್ರೇನ್ ಬದಲಿಸಿ ಎಷ್ಟು ದಿನವಾಯಿತು? ಘಟಕದಿಂದ ಹೊರಹೋಗುವ ಕೊಳಕು ನೀರಿನಲ್ಲಿ ಅದೇ ವಿಷ ಇನ್ನೂ ಗಟ್ಟಿಯಾಗಿ ಚರಂಡಿಗೆ ಹೋಗುತ್ತದಲ್ಲ, ಅದರ ಲೆಕ್ಕ? ಜನ ಕ್ಯಾನ್ ನೀರನ್ನು ಕುಡಿಯಲು ಇಟ್ಟುಕೊಂಡು ಮುದ್ದೆಗೆ, ಸಾರಿಗೆ ಬೋರ್ ನೀರನ್ನೇ ಹಾಕುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ. ಫ್ಲೋರೈಡ್, ಯುರೇನಿಯಂ ಸಾಯುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತವೆ. ಘಟಕ ಇದೆ ಎಂದು ಪರೀಕ್ಷೆ ಬಿಡುವಂತಿಲ್ಲ. ಘಟಕ ಇದ್ದರೆ ಪರೀಕ್ಷೆ ಇನ್ನೂ ಹೆಚ್ಚು ಬೇಕು.

‘ಪಟ್ಟಿಯಲ್ಲಿ ಇಲ್ಲ’ ಎನ್ನುವ ಎರಡು ಪದ ಎಷ್ಟು ಜನರ ಬದುಕು ತೆಗೆಯಬಹುದು ಎನ್ನುವುದಕ್ಕೆ ಬಾಂಗ್ಲಾದೇಶವನ್ನು ನೋಡಬೇಕು. 1992ರಲ್ಲಿ ಬ್ರಿಟಿಷ್ ಜಿಯಲಾಜಿಕಲ್ ಸರ್ವೆಯವರು ಅಲ್ಲಿನ ಕೊಳವೆಬಾವಿಗಳ ನೀರನ್ನು ಪರೀಕ್ಷೆ ಮಾಡಿದರು. ಎಷ್ಟೋ ಅಂಶ ನೋಡಿದರು, ಆರ್ಸೆನಿಕ್ ನೋಡಲಿಲ್ಲ. ಮುಂದೆ ಲಕ್ಷಾಂತರ ಜನ ಆರ್ಸೆನಿಕ್ ನೀರು ಕುಡಿಯುತ್ತಿದ್ದಾರೆ ಎಂದು ಗೊತ್ತಾಯಿತು. ಕಾಯಿಲೆ ಬಿದ್ದ ಒಬ್ಬರು ಇಂಗ್ಲೆಂಡಿನ ಕೋರ್ಟಿನವರೆಗೆ ಹೋದರು. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವರ ಅರ್ಜಿಯನ್ನು ತಳ್ಳಿಹಾಕಿತು, ಪರೀಕ್ಷೆ ಮಾಡಿದವರಿಗೆ ಆ ಜನರ ಬಗ್ಗೆ ಕಾನೂನಿನ ಹೊಣೆ ಇರಲಿಲ್ಲ ಎಂದು. ಹೊರಗಿನಿಂದ ಬಂದು ಹೋಗುವ ಪರೀಕ್ಷಕನಿಗೆ ಹೊಣೆ ಇರುವುದಿಲ್ಲ. ಅದಕ್ಕೇ ನಾನು ಜಿಲ್ಲೆಯ ಲ್ಯಾಬ್, ಸರ್ಕಾರದ ಲ್ಯಾಬ್, ಗ್ರಾಮಸಭೆಗೆ ಕರೆಸಿ ಪ್ರಶ್ನೆ ಕೇಳಬಹುದಾದ ಲ್ಯಾಬ್ ಎನ್ನುತ್ತಿರುವುದು.

ಅದೇ ದೇಶ ಆಮೇಲೆ ಒಂದು ದೊಡ್ಡ ಕೆಲಸವನ್ನೂ ಮಾಡಿತು. ಸುಮಾರು 50 ಲಕ್ಷ ಕೊಳವೆಬಾವಿಗಳನ್ನು ಪರೀಕ್ಷಿಸಿ, ವಿಷವಿದ್ದ ಪಂಪಿಗೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿಯಿತು. ಅಕ್ಷರ ಬಾರದವರಿಗೂ ಓದಲು ಬರುವ ವರದಿ. ಅದು ಕಿಟ್ಟಿನಿಂದಲೇ ಆದ ಕೆಲಸ, ಒಪ್ಪುತ್ತೇನೆ. ಆದರೆ ಹುಡುಕಬೇಕಾದ ವಿಷ ಯಾವುದು ಎಂದು ಲ್ಯಾಬ್ ಹೇಳಿದ ಮೇಲೆ ಆದದ್ದು.

ನಮ್ಮ ಕನ್ನಡದ ಮನೆಯ ಪಕ್ಕದ್ದೇ ಇನ್ನೊಂದು ಪಾಠವಿದೆ. ಕಾಸರಗೋಡಿನ ಪಡ್ರೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಅಂಥವರು ಇಲ್ಲೇನೋ ತಪ್ಪಿದೆ ಎಂದು ಕೂಗುತ್ತಿದ್ದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ತನ್ನ ಲ್ಯಾಬಿನಲ್ಲಿ ಪಡ್ರೆಯ ಮಾದರಿಗಳನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದ ಮೇಲೆ ದೇಶ ತಿರುಗಿ ನೋಡಿತು. ತೋಟದ ನಿಗಮ ಮಾಡಿಸಿದ ಇನ್ನೊಂದು ಪರೀಕ್ಷೆ ಏನೂ ಇಲ್ಲ ಎಂದಿತು. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರೂ ಬಂದು ನೋಡಿದರು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರಲ್ಲಿ. ಇದರಿಂದ ನಾನು ಕಲಿತದ್ದು ಎರಡು. ಸಂಖ್ಯೆ ಇಲ್ಲದ ಕೂಗಿಗೆ ಸರ್ಕಾರ ಕಿವಿಗೊಡುವುದಿಲ್ಲ. ಮತ್ತು ಸಂಖ್ಯೆ ಯಾರ ದುಡ್ಡಿನಲ್ಲಿ ಬರುತ್ತದೆ ಎನ್ನುವುದು ಮುಖ್ಯ. ಪಡ್ರೆಗೆ ದೆಹಲಿಯ ಒಂದು ಲ್ಯಾಬ್ ಸಿಕ್ಕಿತು. ಎಲ್ಲ ಊರಿಗೂ ಸಿಗುತ್ತದೆಯೇ?

ಕೋಲಾರಕ್ಕೆ ಕೆ.ಸಿ. ವ್ಯಾಲಿ ನೀರು ಬಂದಾಗಲೂ ಇದೇ ಕಥೆ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗೆ ಹರಿಯಿತು, ನೊರೆ ಕಂಡಿತು, ಹೈಕೋರ್ಟ್ ತಡೆ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆ ನೀರು ಬೇಕು ಎನ್ನುವವರಿದ್ದಾರೆ, ಬೇಡ ಎನ್ನುವವರಿದ್ದಾರೆ. ಕೆರೆ ತುಂಬಿ ಬೋರ್‌ಗಳಿಗೆ ಜೀವ ಬಂದದ್ದನ್ನು ಕಂಡ ರೈತರ ಮಾತನ್ನೂ ಕೇಳಿದ್ದೇನೆ. ನನ್ನ ಪ್ರಶ್ನೆ ಬೇರೆ. ಕೆರೆ ಪಕ್ಕದ ರೈತ ತನ್ನ ಬೋರಿನ ನೀರನ್ನು, ತನ್ನ ಹೊಲದ ಮಣ್ಣನ್ನು ಎಲ್ಲಿಗೆ ಒಯ್ಯಬೇಕು? ವರದಿಗಳೆಲ್ಲ ಅವನ ತಲೆಯ ಮೇಲೆ ಹಾರಾಡಿದವು. ಅವನ ಕೈಗೆ ಒಂದೂ ಬರಲಿಲ್ಲ.

ಈಗ ದುಡ್ಡಿನ ಮಾತು. ‘ಮೊದಲು ನೀರು ಕೊಡೋಣ, ಪರೀಕ್ಷೆ ಆಮೇಲೆ’ ಎನ್ನುವವರಿಗೆ ಒಂದು ಪ್ರಶ್ನೆ: ಅಳತೆ ಮಾಡದೆ ಕೊಟ್ಟದ್ದು ನೀರು ಎಂದು ನಿಮಗೆ ಹೇಗೆ ಗೊತ್ತು? ದುಡ್ಡು ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಜಲ ಜೀವನ್ ಮಿಷನ್‌ನ ನಿಯಮದಲ್ಲೇ ರಾಜ್ಯದ ವಾರ್ಷಿಕ ಅನುದಾನದ ಶೇ 2ರವರೆಗೆ ನೀರಿನ ಗುಣಮಟ್ಟದ ನಿಗಾಕ್ಕೆ ಬಳಸಲು ಅವಕಾಶವಿತ್ತು. 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಕಲ್ಲುಗಣಿ, ಅದಿರು ಗಣಿ ಇರುವ ಕಡೆ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡಿದೆ. ಅದರ ಆದ್ಯತೆಯ ಪಟ್ಟಿಯಲ್ಲಿ ಕುಡಿಯುವ ನೀರು, ಪರಿಸರ, ಆರೋಗ್ಯ ಮೂರೂ ಇವೆ. ಪೈಪ್ ಹಾಕಿದರೆ ಬಿಲ್ ಆಗುತ್ತದೆ, ಟ್ಯಾಂಕ್ ಕಟ್ಟಿದರೆ ಶಾಸಕರ ಹೆಸರಿನ ಕಲ್ಲು ನೆಡಬಹುದು. ವರ್ಷವಿಡೀ ಕೆಮಿಕಲ್ ತರಿಸಿ, ಯಂತ್ರ ರಿಪೇರಿ ಮಾಡಿಸಿ, ಕೆಲಸಗಾರರಿಗೆ ಸಂಬಳ ಕೊಡುವುದಕ್ಕೆ ಕಲ್ಲು ನೆಡಲು ಆಗುವುದಿಲ್ಲ. ಅಷ್ಟೇ ವ್ಯತ್ಯಾಸ.

‘ಜನ ಗಾಬರಿಯಾಗುತ್ತಾರೆ’ ಎನ್ನುವ ಇನ್ನೊಂದು ವಾದವಿದೆ. ಒಬ್ಬ ಹಿರಿಯ ಅಧಿಕಾರಿ ನನಗೆ ಪ್ರೀತಿಯಿಂದಲೇ ಹೇಳಿದರು, ‘ಸುಮ್ನೆ ಹೆದರಿಸಬೇಡಿ ಮಾರಾಯ್ರೆ.’ ಜನ ಈಗಾಗಲೇ ಹೆದರಿದ್ದಾರೆ ಸರ್. ಹೆದರಿಕೆಯಿಂದಲೇ ಕ್ಯಾನ್ ನೀರಿಗೆ ದುಡ್ಡು ಹಾಕುತ್ತಿದ್ದಾರೆ, ಸಾಲ ಮಾಡಿ ಆಸ್ಪತ್ರೆಗೆ ಅಲೆಯುತ್ತಿದ್ದಾರೆ. ಪರೀಕ್ಷೆ ಮಾಡಿದರೆ ಎಷ್ಟೋ ಊರಿಗೆ ‘ನಿಮ್ಮ ನೀರು ಚೆನ್ನಾಗಿದೆ’ ಎನ್ನುವ ಸಮಾಧಾನವೂ ಸಿಗಬಹುದು. ಅದನ್ನಾದರೂ ಕೊಡಿ.

ನಾವು ಕೇಳಬೇಕಾದದ್ದು ಇಷ್ಟು.

ಒಂದು, ಪ್ರತಿ ಜಿಲ್ಲಾ ಲ್ಯಾಬಿನಲ್ಲಿ ಫ್ಲೋರೈಡ್, ನೈಟ್ರೇಟ್ ಜೊತೆಗೆ ಯುರೇನಿಯಂ, ಆರ್ಸೆನಿಕ್, ಸೀಸ ಅಳೆಯುವ ಯಂತ್ರ. ಕೀಟನಾಶಕ ನೋಡುವ ದುಬಾರಿ ಯಂತ್ರ ಎಲ್ಲ ಜಿಲ್ಲೆಗೂ ಬೇಡ, ವಿಭಾಗಕ್ಕೊಂದು ಇರಲಿ.

ಎರಡು, ಯಂತ್ರಕ್ಕೆ ಒಂದು ಸಲದ ದುಡ್ಡು ಸಾಲದು. ಕೆಮಿಕಲ್, ರಿಪೇರಿ, ಸಂಬಳಕ್ಕೆ ಬಜೆಟ್ಟಿನಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ ಬೇಕು, ಕಾಯಂ ಹುದ್ದೆ ಬೇಕು. ನಮ್ಮ ಊರುಗಳ ಎಂ.ಎಸ್ಸಿ. ಕೆಮಿಸ್ಟ್ರಿ ಮಾಡಿದ ಮಕ್ಕಳು ಬೆಳಗ್ಗೆ ಐದಕ್ಕೆ ಕಂಪನಿ ಬಸ್ ಹತ್ತಿ ನರಸಾಪುರ, ವೇಮಗಲ್‌ಗೆ ಹೋಗಿ ಪ್ಯಾಕಿಂಗ್ ಲೈನಿನಲ್ಲಿ ನಿಲ್ಲುತ್ತಿದ್ದಾರೆ. ಅವರಿಗೆ ಓದಿದ ಕೆಲಸ ಕೊಡಿ.

ಮೂರು, ತಾಲ್ಲೂಕಿಗೊಂದು ಮಾದರಿ ಸಂಗ್ರಹ ಕೇಂದ್ರ. ಬ್ಯಾಕ್ಟೀರಿಯಾ ಪರೀಕ್ಷೆಯ ನೀರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಒಂದು ದಿನದೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಲೋಹದ್ದಕ್ಕೆ ಆಸಿಡ್ ಹಾಕಿದ ಬಾಟಲಿ ಬೇಕು. ಎರಡು ಬಸ್ ಬದಲಿಸಿ ಹೋಗುವ ದೂರದಲ್ಲಿರುವ ಲ್ಯಾಬ್ ಇದ್ದೂ ಇಲ್ಲದ ಹಾಗೆ.

ನಾಲ್ಕು, ಯಾರು ಬಾಟಲಿ ತಂದರೂ ಪಿಡಿಒ ಪತ್ರ ಕೇಳದೆ ತೆಗೆದುಕೊಳ್ಳಬೇಕು. ಸಾರ್ವಜನಿಕರ ಮಾದರಿಯನ್ನು ಕಡಿಮೆ ದರದಲ್ಲಿ ಪರೀಕ್ಷಿಸಬೇಕು ಎಂದು ಕೇಂದ್ರ 2021ರಲ್ಲೇ ಹೇಳಿದೆ. ಅದು ಲ್ಯಾಬಿನ ಬಾಗಿಲಿನಲ್ಲಿ ಕನ್ನಡದಲ್ಲಿ ಬರೆದಿರಬೇಕು. ಪಡಿತರ ಚೀಟಿ ಇರುವವರಿಗೆ ಪೂರ್ತಿ ಉಚಿತ.

ಐದು, ವರದಿ ಕನ್ನಡದಲ್ಲಿ. ವೆಬ್‌ಸೈಟಿನಲ್ಲಿ ಹಾಕಿದ್ದೇವೆ ಎಂದರೆ ಸಾಲದು. ಟ್ಯಾಂಕಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಿರಿ: ಯಾವ ದಿನ, ಏನು ನೋಡಿದರು, ಎಷ್ಟು ಬಂತು, ಏನು ನೋಡಲಿಲ್ಲ.

ಆರು, ನೀರು ಕೊಡುವ ಇಲಾಖೆಯೇ ನೀರಿಗೆ ಮಾರ್ಕ್ಸ್ ಹಾಕಬಾರದು. ಲ್ಯಾಬ್ ಬೇರೆ ಕೈಯಲ್ಲಿರಲಿ, ಆರೋಗ್ಯ ಇಲಾಖೆಯೋ, ಜಿಲ್ಲೆಯ ವಿಶ್ವವಿದ್ಯಾಲಯವೋ. ಉತ್ತರ ಬರೆದವನೇ ತಿದ್ದಿದರೆ ಯಾವ ಊರೂ ಫೇಲ್ ಆಗುವುದಿಲ್ಲ.

ನನ್ನ ಜೊತೆ ಓದಿದ, ಬೇರೆ ಬೇರೆ ತಾಲ್ಲೂಕಿನಲ್ಲಿ ಸುದ್ದಿ ಬರೆಯುತ್ತಿರುವ ಗೆಳೆಯರಿಗೂ ಒಂದು ಮಾತು. ನಾವೂ ಸುಲಭದ ದಾರಿ ಹಿಡಿದಿದ್ದೇವೆ. ಮುಂದಿನ ಗ್ರಾಮಸಭೆಗೆ ಹೋದಾಗ, ಜಮಾಬಂದಿಗೆ ಹೋದಾಗ ಮೂರೇ ಪ್ರಶ್ನೆ ಕೇಳಿ: ಈ ಊರಿನ ನೀರನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಪಟ್ಟಿಯಲ್ಲಿ ಏನೇನಿತ್ತು? ಏನಿರಲಿಲ್ಲ? ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಉತ್ತರವನ್ನೇ ಸುದ್ದಿ ಮಾಡಿ. ‘ಮಾಹಿತಿ ಇಲ್ಲ’ ಎಂದು ಬರೆದುಕೊಟ್ಟರೆ ಅದೂ ಸುದ್ದಿಯೇ, ಮೊದಲ ಪುಟದ ಸುದ್ದಿ.

ನಾನು ಈ ವಾರ ಆ ಅಜ್ಜಿಯ ಊರಿನ ಪಂಚಾಯಿತಿಗೆ ಅರ್ಜಿ ಹಾಕಿದ್ದೇನೆ. ಮೂವತ್ತು ದಿನ ಕಾಯಬೇಕು. ಏನೇ ಬರಲಿ, ಆ ಊರಿನ ಮುಂದಿನ ಸುದ್ದಿಯಲ್ಲಿ ‘ಆರೋಪ’ ಎನ್ನುವ ಪದ ಇರುವುದಿಲ್ಲ.